ಹಳೆಯ ಜೀಪುಗಳ ಪುನರುಜ್ಜೀವನ

ದಶಕಗಟ್ಟಲೆ ದುಡಿದ ನಾಲ್ಕು ಚಕ್ರ ಚಾಲನೆಯ ಜೀಪುಗಳನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಓಡಿಸುವ ಕೆಲಸ. ಕರ್ನಾಟಕದಲ್ಲಿ ಇಂಥ ಜೀಪುಗಳ ಒಂದು ನೆಲೆ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟ. ಉತ್ತರದ ಹಿಡಕಲ್, ಹುಕ್ಕೇರಿ ಕಡೆಯವರಿಗೆ ಬಿಡಿಭಾಗ ಮಾಡಿಸಲು, ಎರಕ ಮತ್ತು ಯಂತ್ರಗೆಲಸಕ್ಕೆ ಹೆಸರಾದ ಬೆಳಗಾವಿಯ ಉದ್ಯಮಬಾಗ ಹತ್ತಿರ.

ಹೆಚ್ಚಾಗಿ ಸಿಗುವುದು ಮಹೀಂದ್ರದ ಸಿಜೆ-3ಬಿ ವಂಶದ ಜೀಪು. ಅದರ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಮಿಶ್ರಣ ಒಳಬಿಡುವ ವಾಲ್ವ್ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವ್ ಬ್ಲಾಕಿನಲ್ಲಿ ಇರುತ್ತದೆ. ಎಂಜಿನ್ ಎತ್ತರವಾದ್ದರಿಂದಲೇ ಬಾನೆಟ್ಟೂ ಎತ್ತರ. ಜಬಲ್ಪುರದಲ್ಲಿ ತಯಾರಾದ ಜೊಂಗಾ ಎಂಬ ಸೇನಾ ಜೀಪುಗಳು ಸೇನೆಯ ಹರಾಜಿನಿಂದ ಖಾಸಗಿಯವರ ಕೈಗೆ ಬಂದವು.

ಕೆಲಸ ಬಣ್ಣದಿಂದಲ್ಲ, ಚಾಸಿಯಿಂದ ಶುರುವಾಗಬೇಕು. ಮಲೆನಾಡಿನ ಕೆಸರು ನಿಂತು ತುಕ್ಕು ಹಿಡಿಯುವುದು ಅಲ್ಲಿ ಮತ್ತು ತಳದ ತಗಡಿನಲ್ಲಿ. ಮುಂದಿನ ಆಕ್ಸಲಿನ ತುದಿಯ ಗುಂಡುಗಳ ಸೀಲು ಹರಿದರೆ ಎಣ್ಣೆ ಸೋರಿ ಒಳಗಿನ ಜಾಯಿಂಟು ಸವೆಯುತ್ತದೆ. ಆ ಸೀಲನ್ನು ಮೊದಲೇ ನೋಡುವುದು ಲೇಸು. ಡೈನಮೊ ತೆಗೆದು ಆಲ್ಟರ್ನೇಟರ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕುವುದು ಉಪಯುಕ್ತ ಮಾರ್ಪಾಡು. ಪೆಟ್ರೋಲ್ ಎಂಜಿನ್ ಇಳಿಸಿ ಭಾರದ ಡೀಸೆಲ್ ಎಂಜಿನ್ ಕೂರಿಸಿದರೆ ಮುಂದಿನ ಸ್ಪ್ರಿಂಗ್ ಪಟ್ಟಿಗಳನ್ನೂ ಬಲಪಡಿಸಬೇಕು.

ಆದರೆ ಇಂಥ ಮಾರ್ಪಾಡುಗಳ ವಿಷಯದಲ್ಲಿ ಕಾನೂನು ನಿರ್ಣಾಯಕ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ. ಚಾಸಿ, ಬಾಡಿ ಅಥವಾ ಎಂಜಿನ್ನನ್ನು ಗಣನೀಯವಾಗಿ ಮಾರ್ಪಡಿಸಿದ್ದಕ್ಕೆ ಅದು ಸಿಗದು. ನೋಂದಣಿಯ ಅವಧಿ 10 ವರ್ಷ. ವಿಂಟೇಜ್ ನೋಂದಣಿಯ ಜೀಪನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.