ಕವಡೆಯ ವೇಷದಲ್ಲಿರುವ ಪಾತ್ರೆ

"ಕವಡೆ ಕಾಸಿನ ಬೆಲೆಯಿಲ್ಲ" ಅಂತ ನಾವು ಈಗಲೂ ಹೇಳ್ತೀವಿ. ಚೀನೀ ಲಿಪಿಯಲ್ಲಿ ಮಾತ್ರ ಬೆಲೆಯ ಮಾತು ಬಂದಲ್ಲೆಲ್ಲ ಕವಡೆ ಎದುರಾಗುತ್ತೆ. ದುಬಾರಿ, ಅಗ್ಗ, ಸಾಲ, ಬಡತನ, ಲಂಚ, ಇವುಗಳನ್ನು ಬರೆಯುವ ಅಕ್ಷರಗಳಲ್ಲಿ ಒಂದೇ ಅಂಗವಿದೆ: 'ಬೇಯ್', ಅಂದರೆ ಕವಡೆ. ಹೀಗೆ ಅಕ್ಷರಗಳನ್ನು ಗುಂಪು ಮಾಡಿ ನಿಘಂಟಿನಲ್ಲಿ ಹುಡುಕಲು ನೆರವಾಗುವ ಅಂಗವೇ ರಾಡಿಕಲ್. 1716ರ ಕಾಂಗ್‌ಶಿ ನಿಘಂಟಿನ 214 ರಾಡಿಕಲ್‌ಗಳಲ್ಲಿ ಇದು 154ನೆಯದು.

ಕವಡೆಗೆ ಆ ಬೆಲೆ ನಿಜಕ್ಕೂ ಇತ್ತು. ಅನ್‌ಯಾಂಗ್‌ನಲ್ಲಿ 1976ರಲ್ಲಿ ಉತ್ಖನನವಾದ ಶಾಂಗ್ ರಾಣಿ ಫೂ ಹಾವೋಳ ಸಮಾಧಿಯಲ್ಲಿ 6,800ಕ್ಕೂ ಹೆಚ್ಚು ಕವಡೆ ಸಿಕ್ಕವು. ಬಾವೋಜಿಯಲ್ಲಿ 1963ರಲ್ಲಿ ದೊರೆತ 'ಹ ಜುನ್' ಎಂಬ ಕಂಚಿನ ಪಾತ್ರೆ ಕ್ರಿ.ಪೂ. 11ನೇ ಶತಮಾನದ್ದು. ಝೋ ದೊರೆ ಚೆಂಗ್ ತನ್ನ ಸರದಾರ ಹ ಎಂಬವನಿಗೆ 30 ಸರ ಕವಡೆ ಕೊಟ್ಟ ಅಂತ ಅದರ 122 ಅಕ್ಷರಗಳ ಶಾಸನ ಹೇಳುತ್ತೆ.

ನನಗೆ ಈ ಶಾಸನ ಮುಖ್ಯ ಅನ್ನಿಸೋದು ಇನ್ನೊಂದು ಅಕ್ಷರಕ್ಕಾಗಿ. 'ಜ' ಎಂಬ ಆ ಅಕ್ಷರಕ್ಕೆ 'ನಿಯಮ', 'ಆಗ' ಎಂಬ ಅರ್ಥಗಳಿವೆ. ಇವತ್ತಿನ ರೂಪದಲ್ಲಿ ಎಡಕ್ಕೆ ಕವಡೆ, ಬಲಕ್ಕೆ ಕತ್ತಿ. ಕ್ರಿ.ಶ. 100ರಲ್ಲಿ 'ಷುವೋವೆನ್ ಜಿಯೆಜಿ' ನಿಘಂಟು ಮುಗಿಸಿದ ಷು ಷೆನ್ ಕೂಡ ಹಾಗೇ ಬಿಡಿಸಿದ: ಕವಡೆ ಅಂದ್ರೆ ಹಿಂದಿನವರ ಸಂಪತ್ತು, ಅದನ್ನು ದರ್ಜೆವಾರು ಗುರುತಿಸೋದೇ ಅರ್ಥ. ಕೇಳೋಕೆ ಚೆನ್ನಾಗಿದೆ. ಆದರೆ ಹ ಜುನ್ ಶಾಸನದಲ್ಲಿ ಕತ್ತಿಯ ಪಕ್ಕ ಇರೋದು ಕವಡೆಯಲ್ಲ, 'ಡಿಂಗ್' ಎಂಬ ಕಾಲುಳ್ಳ ಕಂಚಿನ ಪಾತ್ರೆ. ಬರೆಯುತ್ತಾ ಬರೆಯುತ್ತಾ ಪಾತ್ರೆಯ ಚಿತ್ರ ಸವೆದು ಕವಡೆಯಂತಾಯಿತು. ಎಲುಬಿನ ಶಾಸನಗಳಲ್ಲಿ ಶಕುನ ಕೇಳುವಾಗ ಬರೆಯುತ್ತಿದ್ದ 'ಝೆನ್' ಅಕ್ಷರದ್ದೂ ಇದೇ ಕಥೆ. ಸ್ವಾರಸ್ಯ ಏನಂದ್ರೆ, 'ಜ' ಅಕ್ಷರಕ್ಕೆ ಪಾತ್ರೆಯಿರುವ ಹಳೆಯ ರೂಪವೂ ಉಂಟು ಅಂತ ಷು ಷೆನ್ ತಾನೇ ದಾಖಲಿಸಿದ್ದಾನೆ!

ಇತ್ತ ನಿಜವಾದ ಕವಡೆಗಳೂ ಕಣ್ಮರೆಯಾಗಿವೆ. 'ಕೊಳ್ಳು' ಅಕ್ಷರದ ಕವಡೆ ಜಪಾನಿನಲ್ಲಿ ಉಳಿದಿದೆ, ಚೀನಾದ ಸರಳೀಕೃತ ರೂಪದಲ್ಲಿಲ್ಲ. 'ಮಾರು' ಅಕ್ಷರದಲ್ಲಿ ಎರಡೂ ಕಡೆ ಹೋಗಿದೆ. ತೈವಾನ್, ಹಾಂಗ್‌ಕಾಂಗ್‌ನ ಬರವಣಿಗೆಯಲ್ಲಿ ಎರಡೂ ಭದ್ರ.

ಅಂದರೆ ಕವಡೆ ಕಂಡಲ್ಲೆಲ್ಲ ಕವಡೆಯಿಲ್ಲ, ಕಾಣದ ಕಡೆ ಇಲ್ಲವೇ ಇಲ್ಲ ಅನ್ನೋಕೂ ಆಗಲ್ಲ. ಅಕ್ಷರ ಬಿಡಿಸಿ ಕಥೆ ಹೇಳುವ ಚಿತ್ರಗಳು ಜಾಲತಾಣಗಳಲ್ಲಿ ದಿನಾ ಓಡಾಡ್ತಾವೆ. ನಂಬುವ ಮೊದಲು ಒಂದೇ ಪ್ರಶ್ನೆ ಕೇಳಿ: ಹಳೆಯ ಶಾಸನದಲ್ಲಿ ಇದರ ರೂಪ ಹೇಗಿದೆ?