ಗೋಧಿ ಬಿಟ್ಟ ಬಿಸ್ಕತ್ತಿನ ಕಥೆ

ಬಿಸ್ಕತ್ತು ಎಂದೊಡನೆ ಮೈದಾ ನೆನಪಾಗುವುದು ಸಹಜ. ಆದರೆ ಕೆಲವು ಮನೆಗಳಲ್ಲಿ ಮೈದಾ, ರವೆ, ಗೋಧಿಹಿಟ್ಟು ಈ ಮೂರಕ್ಕೂ ಪ್ರವೇಶವಿಲ್ಲ. ಸೀಲಿಯಾಕ್ ರೋಗವಿದ್ದವರಿಗೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಸಣ್ಣ ಕರುಳಿನ ಒಳಪೊರೆಯನ್ನೇ ಕೆಡಿಸುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ ಕಾಡುತ್ತವೆ. ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಇದಕ್ಕೆ ಇಂದಿಗೂ ಪಥ್ಯವೇ ಮದ್ದು. ಆ ಪಥ್ಯ ಯಾವುದೆಂದು ತಿಳಿಯಲು ವೈದ್ಯಲೋಕಕ್ಕೆ ಅರವತ್ತು ವರ್ಷ ಹಿಡಿಯಿತು.

ಲಂಡನ್ನಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ರೋಗವನ್ನು ವಿವರವಾಗಿ ಬಣ್ಣಿಸಿದರು. ವಾಸಿಯಾಗುವುದಾದರೆ ಆಹಾರದಿಂದಲೇ ಆಗಬೇಕು ಎಂದು ಅವರು ಸರಿಯಾಗಿಯೇ ಊಹಿಸಿದ್ದರು. ಆದರೆ ಪಥ್ಯದ ಪಟ್ಟಿ ತಲೆಕೆಳಗಾಯಿತು. ಅಕ್ಕಿ, ಸಾಬೂದಾನಿ ಬೇಡವೆಂದರು; ತೆಳುವಾಗಿ ಕತ್ತರಿಸಿ ಚೆನ್ನಾಗಿ ಸುಟ್ಟ ಬ್ರೆಡ್ಡು ಆಗಬಹುದೆಂದರು. ನಿರಪರಾಧಿಗೆ ಶಿಕ್ಷೆ, ಅಪರಾಧಿಗೆ ಬಿಡುಗಡೆ!

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಬ್ರೆಡ್ಡು, ಆಲೂಗಡ್ಡೆ, ಧಾನ್ಯಗಳನ್ನು ಬಿಡಿಸಿದ್ದರಿಂದ ಮಕ್ಕಳು ಚೇತರಿಸಿಕೊಂಡರು. ಗುಣವೆಲ್ಲ ಬಾಳೆಹಣ್ಣಿನದೆಂದು ಜನ ನಂಬಿದರು. ನಿಜವಾಗಿ ಮಕ್ಕಳನ್ನು ಉಳಿಸಿದ್ದು ತಟ್ಟೆಗೆ ಬಾರದ ಗೋಧಿ.

ಗೋಧಿಯ ಮೇಲೆ ಬೆರಳಿಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕೆ. ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರಿಗೆ ಯುದ್ಧಕ್ಕೆ ಮೊದಲೇ ಈ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಹಾಲೆಂಡಿನ ಪಶ್ಚಿಮ ಭಾಗ ಘೋರ ಕ್ಷಾಮಕ್ಕೆ ತುತ್ತಾಯಿತು. ಜನ ಟ್ಯೂಲಿಪ್ ಹೂವಿನ ಗಡ್ಡೆಯನ್ನೂ ಬೇಯಿಸಿ ತಿಂದರು. ಬ್ರೆಡ್ಡು ಅಪರೂಪವಾದ ಆ ದಿನಗಳ ಅನುಭವ ಡಿಕೆಯವರ ಅನುಮಾನಕ್ಕೆ ಬಲ ಕೊಟ್ಟಿತು. ಯುದ್ಧ ಮುಗಿದ ಮೇಲೆ ವೈಯರ್ಸ್ ಎಂಬ ವೈದ್ಯರು, ವಾನ್ ಡೆ ಕಾಮರ್ ಎಂಬ ರಸಾಯನ ವಿಜ್ಞಾನಿ ಇವರೊಡನೆ ಸೇರಿ, ಮಕ್ಕಳ ಮಲದಲ್ಲಿ ಜೀರ್ಣವಾಗದೆ ಹೋಗುವ ಕೊಬ್ಬನ್ನು ಅಳೆದು ನೋಡಿದರು. ಗೋಧಿ, ರೈ ಕೊಟ್ಟಾಗ ಕೊಬ್ಬು ಏರುತ್ತಿತ್ತು. ಅಕ್ಕಿ, ಮುಸುಕಿನ ಜೋಳ ಕೊಟ್ಟಾಗ ಏರುತ್ತಿರಲಿಲ್ಲ. ಡಿಕೆಯವರ ಪ್ರಬಂಧ 1950ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿತು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ತಂಡವೊಂದು ಗೋಧಿಯ ಪಿಷ್ಟ ನಿರಪಾಯ, ಗ್ಲುಟೆನ್ನೇ ಅಪಾಯ ಎಂದು ತೋರಿಸಿತು. ಬಾರ್ಲಿಯೂ ಈ ಗುಂಪಿಗೇ ಸೇರಿದ್ದು.

ಗ್ಲುಟೆನ್ನನ್ನು ಕಣ್ಣಾರೆ ಕಾಣಬೇಕೆ? ನಾದಿದ ಮೈದಾ ಉಂಡೆಯನ್ನು ನೀರಿನಲ್ಲಿ ಹಿಸುಕಿ ತೊಳೆಯಿರಿ. ಬಿಳಿಯ ಪಿಷ್ಟ ಹರಿದುಹೋಗಿ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಬ್ರೆಡ್ಡು ಉಬ್ಬುವುದು ಈ ಬಲೆ ಗಾಳಿಯನ್ನು ಹಿಡಿದಿಡುವುದರಿಂದ. ಆದ್ದರಿಂದಲೇ ಗೋಧಿಯಿಲ್ಲದ ಬ್ರೆಡ್ಡು ಕಷ್ಟ. ಬಿಸ್ಕತ್ತು ಹಾಗಲ್ಲ, ಅದು ಪುಡಿಪುಡಿಯಾಗಿರುವುದೇ ಚೆಂದ. ತುಪ್ಪ ಸಕ್ಕರೆಗಳೇ ಅದನ್ನು ಹಿಡಿದಿಡುತ್ತವೆ. ಅಮೆರಿಕದಲ್ಲಿ 1969ರಲ್ಲಿ ಆಹಾರಕ್ಕೆ ಒಪ್ಪಿಗೆ ಪಡೆದ ಕ್ಸಾಂಥಾನ್ ಅಂಟು ಗ್ಲುಟೆನ್ ಇಲ್ಲದ ಬ್ರೆಡ್ಡಿಗೆ ನೆರವಾಯಿತು; ಮನೆಯ ಬಿಸ್ಕತ್ತಿಗೆ ಅದೂ ಬೇಡ.

ಮುಕ್ಕಾಲು ಬಟ್ಟಲು ರಾಗಿಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವಂತೆ ಹುರಿದು ಆರಿಸಿ, ಕಾಲು ಬಟ್ಟಲು ಅಕ್ಕಿಹಿಟ್ಟು ಬೆರೆಸಿ. ಅರ್ಧ ಬಟ್ಟಲು ಗಟ್ಟಿ ತುಪ್ಪ, ಅರ್ಧ ಬಟ್ಟಲು ಪುಡಿಸಕ್ಕರೆಯನ್ನು ಬೆಳ್ಳಗಾಗುವಂತೆ ಉಜ್ಜಿ ಹಿಟ್ಟಿಗೆ ಸೇರಿಸಿ. ಉಂಡೆ ಕೂಡದಿದ್ದರೆ ಒಂದೆರಡು ಚಮಚ ಹಾಲು. ಅರ್ಧ ಗಂಟೆ ಹಾಗೆಯೇ ಬಿಟ್ಟರೆ ಹಿಟ್ಟು ತೇವ ಹೀರಿ ತರಿತರಿ ಕಡಿಮೆಯಾಗುತ್ತದೆ. ಬಿಲ್ಲೆ ತಟ್ಟಿ 170 ಡಿಗ್ರಿಯಲ್ಲಿ ಸುಮಾರು ಹದಿನೈದು ನಿಮಿಷ ಬೇಯಿಸಿ. ಬಿಸಿಯಿರುವಾಗ ಎತ್ತಬೇಡಿ, ತಟ್ಟೆಯಲ್ಲೇ ಪೂರ್ತಿ ತಣಿದರೆ ಗಟ್ಟಿಯಾಗುತ್ತದೆ.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಈ ಇತಿಹಾಸದ ಇನ್ನೊಂದು ಪುಟವೂ ಸಂಬಂಧಿಸಿದ್ದು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೀಲಿಯಾಕ್ ರೋಗ ಉತ್ತರ ಭಾರತದ ತಂಡದಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, ದಕ್ಷಿಣದ ತಂಡದಲ್ಲಿ ಸಾವಿರಕ್ಕೆ ಸುಮಾರು ಒಂದು ಕಂಡುಬಂತು. ರೋಗಕ್ಕೆ ಎಡೆಗೊಡುವ ವಂಶವಾಹಿಗಳು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿದ್ದವು. ಬಹಳ ಭಿನ್ನವಾಗಿದ್ದದ್ದು ಗೋಧಿಯ ಬಳಕೆ. ಮುದ್ದೆ, ಅನ್ನದಿಂದ ಚಪಾತಿಗೆ ಬಂದ ನಾವು ‘ಇದು ನಮ್ಮವರ ರೋಗವಲ್ಲ’ ಎಂದು ಸುಮ್ಮನಿರಲಾಗದು. ಬೆಳೆಯದ ಮಗುವನ್ನು ‘ನೀರು ಒಗ್ಗಲಿಲ್ಲ’ ಎಂದು ವರ್ಷಗಟ್ಟಲೆ ಬಿಡುವುದು ಸಲ್ಲದು. ಹಾಗೆಂದು ತಾವಾಗಿಯೇ ಗೋಧಿ ನಿಲ್ಲಿಸಲೂಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ರೋಗ ಖಚಿತವಾದ ಮೇಲೆ ಪಥ್ಯ ಬಿಗಿಯಾಗಿರಬೇಕು. ಗ್ಲುಟೆನ್‌ರಹಿತ ಎಂದು ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಅಂದರೆ ಚಿಟಿಕೆಯ ಲೆಕ್ಕವೂ ಲೆಕ್ಕವೇ. ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಮೈದಾ ಬೆರೆತಿರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಆ ಹಿಟ್ಟು ಪಥ್ಯಕ್ಕೆ ಬಾರದು. ಊರಿಂದ ಬರುವವರಿಗೆ ಹಿಟ್ಟಿನ ಬದಲು ಇಡೀ ರಾಗಿಯನ್ನೇ ತರಲು ಹೇಳಿ. ಕಲ್ಲು, ಕಸ, ಬೇರೆ ಕಾಳು ಇಲ್ಲದಂತೆ ಆರಿಸಿ, ತೊಳೆದು ಒಣಗಿಸಿ, ಗೋಧಿ ಸೋಕದ ಮಿಕ್ಸಿಯಲ್ಲಿ ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ಕ್ಷೇಮ.