ಆಗಸ್ಟ್ ಒಂದು, ಬ್ಯಾಂಡ್ ಬಂದ್

ಆಗಸ್ಟ್ 1 ಅಂದ್ರೆ ನಮ್ಮಂಥವರಿಗೆ ಏನು? ಸಂಬಳ ಅಕೌಂಟಿಗೆ ಬಿದ್ದ ಮರುದಿನ. ಬಾಡಿಗೆ, ಇಎಂಐ ಅಂತ ಅದು ಕರಗೋಕೆ ಶುರುವಾಗುವ ದಿನ. ಪಾಪ್ ಸಂಗೀತದ ಚರಿತ್ರೆ ಓದುವ ಚಟ ಇರೋರಿಗೆ ಮಾತ್ರ ಈ ತಾರೀಕು ಬೇರೆಯದೇ ನೆನಪು ತರುತ್ತೆ. 1981ರ ಆಗಸ್ಟ್ 1, ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ಅಮೆರಿಕದಲ್ಲಿ ಎಂಟಿವಿ ಶುರುವಾಯ್ತು. ಮೊದಲು ಹಾಕಿದ್ದು ಬಗಲ್ಸ್ ತಂಡದ 'ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್'. ಹೊಸ ಅಂಗಡಿ ತೆರೆದವನು ಪಕ್ಕದ ಅಂಗಡಿಯವನ ತಿಥಿ ಕಾರ್ಡ್ ಹಂಚಿದ ಹಾಗೆ! ಅದಕ್ಕೂ ಹತ್ತು ವರ್ಷ ಮೊದಲು, 1971ರ ಇದೇ ದಿನ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ಕಛೇರಿ ಮಾಡಿದ್ದರು. ಸಿತಾರ್ ಶ್ರುತಿ ಮಾಡಿಕೊಳ್ಳುತ್ತಿದ್ದುದಕ್ಕೇ ಜನ ಚಪ್ಪಾಳೆ ತಟ್ಟಿಬಿಟ್ಟ ಕತೆ ನಿಮಗೆ ಗೊತ್ತಿರುತ್ತೆ.

ಇವೆರಡನ್ನೂ ಎಲ್ಲರೂ ನೆನೆಸಿಕೊಳ್ತಾರೆ. ನನ್ನನ್ನು ಕಾಡೋದು ಇನ್ನೊಂದು ಆಗಸ್ಟ್ 1. ಆವತ್ತು ಯಾರೂ ನುಡಿಸಲಿಲ್ಲ, ಅದೇ ಸುದ್ದಿ.

1942. ಅಮೆರಿಕದ ವಾದ್ಯಗಾರರ ಸಂಘ, ಅಮೆರಿಕನ್ ಫೆಡರೇಷನ್ ಆಫ್ ಮ್ಯುಸಿಶಿಯನ್ಸ್, ಅವತ್ತಿನಿಂದ ತನ್ನ ಸದಸ್ಯರು ಯಾವ ರೆಕಾರ್ಡ್ ಕಂಪನಿಗೂ ನುಡಿಸಕೂಡದು ಅಂತ ಕಟ್ಟಪ್ಪಣೆ ಮಾಡಿತು. ಕಛೇರಿ ಕೊಡಬಹುದು, ರೇಡಿಯೊದಲ್ಲಿ ನೇರವಾಗಿ ನುಡಿಸಬಹುದು, ರೆಕಾರ್ಡಿಂಗ್ ಮಾತ್ರ ಬಂದ್. ಅಧ್ಯಕ್ಷ ಜೇಮ್ಸ್ ಸೀಸರ್ ಪೆಟ್ರಿಲ್ಲೊ, ಶಿಕಾಗೊದಲ್ಲಿ ಒಂದು ಕಾಲಕ್ಕೆ ಟ್ರಂಪೆಟ್ ಊದುತ್ತಿದ್ದವನು. ಹೆಸರಲ್ಲೇ ಸೀಸರ್ ಇದ್ದ ಮೇಲೆ ಕೇಳಬೇಕೆ!

ಅವನ ಲೆಕ್ಕ ಸರಳ. ವಾದ್ಯಗಾರ ಸ್ಟುಡಿಯೊಗೆ ಬಂದು ಒಂದು ಸಲ ನುಡಿಸ್ತಾನೆ, ಒಂದು ಸಲ ಕೂಲಿ ತಗೋತಾನೆ. ಆ ತಟ್ಟೆ ಮಾತ್ರ ರೇಡಿಯೊ ಸ್ಟೇಷನ್ನುಗಳಲ್ಲಿ, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸುಗಳಲ್ಲಿ ಸಾವಿರ ಸಲ ತಿರುಗುತ್ತೆ. ಜೂಕ್‌ಬಾಕ್ಸ್ ಬಂದ ಹೋಟೆಲಿಗೆ ಬ್ಯಾಂಡ್ ಯಾಕೆ ಬೇಕು? ಟಾಕಿ ಸಿನಿಮಾ ಬಂದಾಗ ಥಿಯೇಟರುಗಳಲ್ಲಿ ನುಡಿಸುತ್ತಿದ್ದ ಸಾವಿರಾರು ಜನ ಬೀದಿಗೆ ಬಿದ್ದದ್ದನ್ನು ಇವರೆಲ್ಲ ಕಣ್ಣಾರೆ ಕಂಡಿದ್ದರು. ಪೆಟ್ರಿಲ್ಲೊ ಹೇಳಿದ ಒಂದು ಮಾತಿನ ಸಾರ ಹೀಗಿದೆ: ಐಸ್ ಮಾರುವವನು ಫ್ರಿಜ್ ಕಂಡುಹಿಡಿಯಲಿಲ್ಲ, ಗಾಡಿ ಹೊಡೆಯುವವನು ಮೋಟಾರು ಕಟ್ಟಲಿಲ್ಲ, ತನ್ನನ್ನು ಮುಗಿಸುವ ಯಂತ್ರವನ್ನು ತಾನೇ ತಯಾರು ಮಾಡಿಕೊಡುವವನು ವಾದ್ಯಗಾರ ಒಬ್ಬನೇ.

ಒಬ್ಬನೇ ಅಲ್ಲ ಮಾರಾಯ್ರೇ, ನಾವೂ ಇದ್ದೀವಿ. ನನ್ನ ಎರಡನೇ ಕೆಲಸದಲ್ಲಿ ಟೆಸ್ಟಿಂಗ್ ಆಟೊಮೇಟ್ ಮಾಡೋ ಸ್ಕ್ರಿಪ್ಟ್ ಬರೆದಿದ್ದೆ, ಶಹಬ್ಬಾಸ್‌ಗಿರಿಯೂ ಸಿಕ್ಕಿತ್ತು. ಮುಂದಿನ ಕ್ವಾರ್ಟರಿಗೆ ನನ್ನ ಜೊತೆ ಕ್ಯಾಂಟೀನಿಗೆ ಬರುತ್ತಿದ್ದ ನಾಲ್ಕು ಜನರಲ್ಲಿ ಇಬ್ಬರು ಇರಲಿಲ್ಲ.

ಇರ್ಲಿ, ಕತೆಗೆ ಬರೋಣ. ಕಂಪನಿಗಳೇನೂ ದಡ್ಡರಲ್ಲ. ಗಡುವಿಗೆ ಮುಂಚೆ ಜುಲೈ ಪೂರ್ತಿ ಕೂತು ಸಿಕ್ಕಿದ್ದೆಲ್ಲ ರೆಕಾರ್ಡ್ ಮಾಡಿ ಗೋದಾಮು ತುಂಬಿಸಿಕೊಂಡರು. ಅದೂ ಖಾಲಿಯಾದಾಗ ಒಂದು ಕಿಂಡಿ ಕಂಡಿತು: ಗಾಯಕರು ಈ ಸಂಘದ ಸದಸ್ಯರಲ್ಲ! 1943ರಲ್ಲಿ ಕೊಲಂಬಿಯಾ ಕಂಪನಿ ಫ್ರ್ಯಾಂಕ್ ಸಿನಾಟ್ರಾನನ್ನು ನಿಲ್ಲಿಸಿ, ಹಿಂದೆ ವಾದ್ಯಗಳ ಬದಲು ಹಾಡುಗಾರರ ಗುಂಪಿನಿಂದ ದನಿ ಕೊಡಿಸಿ ರೆಕಾರ್ಡ್ ಮಾಡಿತು. ಅಲ್ಲಿಯತನಕ ಬ್ಯಾಂಡ್ ದೊಡ್ಡದು, ಹಾಡುವವನು ಅದರಲ್ಲೊಬ್ಬ. ಈಗ ಹಾಡುವವನೇ ದೊಡ್ಡವನಾದ. ಯುದ್ಧ, ಖರ್ಚು ಅಂತ ಬಿಗ್ ಬ್ಯಾಂಡುಗಳಿಗೆ ಬೇರೆ ಕಷ್ಟಗಳೂ ಇದ್ದವು, ನಿಜ. ಆದರೆ ವಾದ್ಯಗಾರರನ್ನು ಉಳಿಸೋಕೆ ಹೂಡಿದ ಮುಷ್ಕರವೇ ಅವರನ್ನು ಹಿಂದಿನ ಸಾಲಿಗೆ ತಳ್ಳೋಕೆ ಒಂದು ಕೈ ಕೊಟ್ಟಿತು. ಇನ್ನೊಂದು ನಷ್ಟ ನನಗೆ ಹೊಟ್ಟೆ ಉರಿಸುತ್ತೆ. 1943ರಲ್ಲಿ ಅರ್ಲ್ ಹೈನ್ಸ್ ಬ್ಯಾಂಡಿನಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಇಬ್ಬರೂ ಒಟ್ಟಿಗಿದ್ದರು. ಬೀಬಾಪ್ ಹುಟ್ಟುತ್ತಿದ್ದ ಹೊತ್ತು ಅದು, ಆ ಬ್ಯಾಂಡಿನ ಒಂದು ರೆಕಾರ್ಡೂ ಬರಲಿಲ್ಲ.

ಹಾಗಂತ ಪೆಟ್ರಿಲ್ಲೊ ಸೋಲಲಿಲ್ಲ. 1943ರಲ್ಲಿ ಡೆಕ್ಕಾ ಬಗ್ಗಿತು. 1944ರಲ್ಲಿ ಸ್ವತಃ ಅಧ್ಯಕ್ಷ ರೂಸ್‌ವೆಲ್ಟ್ ಕೇಳಿಕೊಂಡರೂ ಆಸಾಮಿ ಜಗ್ಗಲಿಲ್ಲ, ಆ ನವೆಂಬರಿನಲ್ಲಿ ಕೊಲಂಬಿಯಾ, ಆರ್‌ಸಿಎ ವಿಕ್ಟರ್ ಕೂಡ ಸಹಿ ಹಾಕಿದವು. ಮಾರಾಟವಾದ ಪ್ರತಿ ತಟ್ಟೆಗೂ ಇಷ್ಟು ಅಂತ ಸಂಘದ ನಿಧಿಗೆ ಹಣ. ಆ ದುಡ್ಡಲ್ಲಿ ಕೆಲಸವಿಲ್ಲದ ವಾದ್ಯಗಾರರಿಗೆ ಸಂಬಳ ಕೊಟ್ಟು, ಪಾರ್ಕು, ಆಸ್ಪತ್ರೆಗಳಲ್ಲಿ ಜನರಿಗೆ ಪುಕ್ಕಟೆ ಕಛೇರಿ. ಯಂತ್ರ ಗಳಿಸಿದ್ದರಲ್ಲಿ ಮನುಷ್ಯನಿಗೊಂದು ಪಾಲು. 1947ರ ಟಾಫ್ಟ್–ಹಾರ್ಟ್ಲಿ ಕಾಯ್ದೆ ಈ ಏರ್ಪಾಡಿಗೆ ಕಲ್ಲು ಹಾಕಿತು, 1948ರಲ್ಲಿ ಮತ್ತೊಂದು ಮುಷ್ಕರ ಆಯ್ತು, ಅದು ಬೇರೆ ಪುರಾಣ.

ನಮ್ಮೂರಲ್ಲಿ ವಾಲಗದವರದ್ದು ಒಂದೇ ಮನೆ ಉಳಿದಿದೆ. ಅಕ್ಕನ ಮದುವೆಯಲ್ಲಿ ಆ ಹಿರಿಯರು ನುಡಿಸ್ತಿದ್ದಾಗ ಹತ್ತಿರ ಹೋಗಿ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆ. ಚೆನ್ನಾಗಿ ಬರ್ಲಿ ಅಂತ ಅವರು ನನ್ನ ಕಡೆ ತಿರುಗಿ ಕೂತು ಊದಿದರು. ಮುಗಿಸಿ, ನಾಗಸ್ವರದ ಓಲೆ ಒರೆಸಿಕೊಳ್ತಾ, "ಮುಂದಿನ ಕಾರ್ಯಕ್ಕೆ ಇದನ್ನೇ ಹಾಕ್ಬಿಡ್ತೀಯ ಬಿಡು" ಅಂತ ನಕ್ಕರು. "ಛೇ, ಎಲ್ಲಾದ್ರೂ ಉಂಟಾ" ಅಂದೆ.

ಮೂರು ತಿಂಗಳಿಗೆ ಚಿಕ್ಕಪ್ಪನ ಮನೆ ಗೃಹಪ್ರವೇಶ. ಬಜೆಟ್ ಮೀರಿತ್ತು. ಬ್ಲೂಟೂತ್ ಸ್ಪೀಕರಿನಲ್ಲಿ ಅದೇ ಫೈಲ್ ಹಾಕಿದ್ವಿ. ಹಾಕಿದ್ದು ನಾನೇ.